ಬೆಳಕಿನಿಂದ ಅಳೆಯುವ ಯಂತ್ರಗಳು

ತೊಗಲುಗೊಂಬೆಯ ಆಟವನ್ನು ಕಂಡವರಿಗೆ ಒಂದು ಸಂಗತಿಯು ಪರಿಚಿತವಾಗಿಯೇ ಇರುವುದು. ಆಡಿಸುವವನು ರಾವಣನ ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದಾಗ ಹತ್ತು ತಲೆಗಳೂ, ಕಿರೀಟದ ಒಂದೊಂದು ರಂಧ್ರವೂ ಸ್ಫುಟವಾಗಿ ಕಾಣುತ್ತವೆ. ಅದನ್ನೇ ಒಂದು ಗೇಣು ಹಿಂದಕ್ಕೆ, ದೀಪದ ಕಡೆಗೆ, ಎಳೆದುಕೊಂಡರೆ ರಾವಣನು ಪರದೆಯ ತುಂಬ ಬೆಳೆದು ನಿಲ್ಲುತ್ತಾನೆ. ಆದರೆ ಅವನ ಅಂಚು ಮಸುಕಾಗುತ್ತದೆ, ಕಿರೀಟದ ರಂಧ್ರಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಕಥೆಗೆ ಇದು ಭೂಷಣ, ಅಳತೆಗೆ ಇದೇ ದೂಷಣ. ನೆರಳು ದೊಡ್ಡದಾಗಬೇಕು, ಅಂಚು ಮಾತ್ರ ಮಸುಕಾಗಕೂಡದು. ವಸ್ತುವು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿದರೂ ನೆರಳಿನ ಗಾತ್ರ ಬದಲಾಗಕೂಡದು. ಇಷ್ಟನ್ನು ಸಾಧಿಸಿದರೆ ತೊಗಲುಗೊಂಬೆಯ ಪರದೆಯೇ ಕಾರ್ಖಾನೆಯ ಅಳತೆಯ ಯಂತ್ರವಾಗುವುದು. ಈಗ ಹೇಳಹೊರಟಿರುವುದು ಅಂಥ ಯಂತ್ರಗಳ ವಿಷಯ.

ಇಷ್ಟು ಸೂಕ್ಷ್ಮವಾಗಿ ಅಳೆಯತಕ್ಕ ಪ್ರಯೋಜನವಾದರೂ ಏನು ಎಂದು ಕೇಳಬಹುದು. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು ೭೦ ಮೈಕ್ರಾನು. ಮೈಕ್ರಾನೆಂದರೆ ಮಿಲ್ಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಡೀಸೆಲ್ ಎಂಜಿನ್ನಿಗೆ ಎಣ್ಣೆಯನ್ನು ಒತ್ತಿ ಕಳುಹಿಸುವ ಪಂಪಿನಲ್ಲಿ ದಂಡಕ್ಕೂ ಅದು ಓಡಾಡುವ ಕೊಳವೆಗೂ ನಡುವೆ ಇರುವ ಎಡೆಯು ಎರಡು ಮೂರು ಮೈಕ್ರಾನ್ ಮಾತ್ರ. ಅದು ಹತ್ತಾದರೆ ಎಣ್ಣೆ ಸೋರಿ ಎಂಜಿನ್ ಕುಂಟುವುದು; ಶೂನ್ಯವಾದರೆ ದಂಡವು ಕಚ್ಚಿಕೊಳ್ಳುವುದು. ಇಂಥ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನಲ್ಲಿ ೧೯೫೩ರಲ್ಲಿ ಎಚ್.ಎಂ.ಟಿ. ಸ್ಥಾಪನೆಯಾಯಿತು, ಯಂತ್ರೋಪಕರಣಗಳ ಸಂಶೋಧನೆಗೂ ಅಳತೆಗೂ ಮೀಸಲಾದ ಕೇಂದ್ರೀಯ ಸಂಸ್ಥೆಯು ಅದೇ ನಗರದಲ್ಲಿ ೧೯೬೨ರಲ್ಲಿ ತಲೆಯೆತ್ತಿತು.

ಈಗ ನೆರಳಿನ ಯಂತ್ರಕ್ಕೆ ಬರೋಣ. ಕಾರ್ಖಾನೆಗಳಲ್ಲಿ ಇದನ್ನು ಪ್ರೊಫೈಲ್ ಪ್ರೊಜೆಕ್ಟರ್ ಎಂದೇ ಕರೆಯುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ಒಂದು ಪಕ್ಕದಲ್ಲಿ ದೀಪ. ದೀಪದ ಮುಂದೆ ಒಂದು ಮಸೂರವನ್ನಿಟ್ಟು ಹರಡುವ ಕಿರಣಗಳನ್ನು ಸಮಾಂತರವಾಗಿ ಮಾಡುತ್ತಾರೆ. ಆ ಬೆಳಕಿನ ದಾರಿಯಲ್ಲಿ, ಎರಡು ದಿಕ್ಕಿಗೆ ಸರಿಯಬಲ್ಲ ಒಂದು ಮೇಜಿನ ಮೇಲೆ, ಅಳೆಯಬೇಕಾದ ವಸ್ತು. ಅದರಾಚೆ ಬಿಂಬವನ್ನು ಹತ್ತು, ಇಪ್ಪತ್ತು, ಐವತ್ತು ಅಥವಾ ನೂರು ಪಾಲು ಹಿಗ್ಗಿಸುವ ಮಸೂರಗಳ ಸಮೂಹ, ಅಲ್ಲಿಂದ ಕನ್ನಡಿ, ಕೊನೆಗೆ ಮಬ್ಬುಗಾಜಿನ ದುಂಡು ಪರದೆ. ನೂರು ಪಾಲು ಹಿಗ್ಗಿಸಿದಾಗ ಹತ್ತು ಮೈಕ್ರಾನಿನ ವ್ಯತ್ಯಾಸವು ಪರದೆಯ ಮೇಲೆ ಒಂದು ಮಿಲ್ಲಿಮೀಟರಾಗಿ ಕಾಣಿಸುತ್ತದೆ. ಒಂದು ಮಿಲ್ಲಿಮೀಟರನ್ನು ಯಾರ ಬರಿಗಣ್ಣಾದರೂ ಗುರುತಿಸೀತು.

ಈ ಏರ್ಪಾಡಿನ ಜಾಣತನವೆಲ್ಲ ಅಡಗಿರುವುದು ಒಂದು ಸಣ್ಣ ರಂಧ್ರದಲ್ಲಿ. ಹಿಗ್ಗಿಸುವ ಮಸೂರದ ಹಿಂದೆ, ಸಮಾಂತರ ಕಿರಣಗಳೆಲ್ಲ ಬಂದು ಕೂಡುವ ನಾಭಿಯಲ್ಲಿ, ಒಂದು ಕಿರಿದಾದ ಕಂಡಿಯುಳ್ಳ ತಡೆಯನ್ನು ಇಡುತ್ತಾರೆ. ಅಕ್ಷಕ್ಕೆ ಸಮಾಂತರವಾಗಿ ಬಂದ ಕಿರಣಗಳಿಗೆ ಮಾತ್ರ ಅಲ್ಲಿ ಪ್ರವೇಶ. ಓರೆಯಾಗಿ ಬಂದವು ತಡೆಗೆ ಬಡಿದು ನಿಲ್ಲುತ್ತವೆ. ಹತ್ತಿರವಿದ್ದ ವಸ್ತು ದೊಡ್ಡದಾಗಿಯೂ ದೂರವಿದ್ದದ್ದು ಚಿಕ್ಕದಾಗಿಯೂ ಕಾಣುವುದು ಓರೆಯ ಕಿರಣಗಳಿಂದಲೇ ಅಲ್ಲವೆ? ಅವನ್ನು ಹೊರಗಿಟ್ಟ ಮೇಲೆ ವಸ್ತುವು ಒಂದಿಷ್ಟು ಮುಂದೆ ಸರಿದರೂ ಹಿಂದೆ ಸರಿದರೂ ಬಿಂಬದ ಅಂಚು ಕೊಂಚ ಮಸುಕಾದೀತೇ ಹೊರತು ಅದರ ಗಾತ್ರ ಬದಲಾಗದು. ಗೊಂಬೆಯಾಟದವನು ಹಿಂದಕ್ಕೆ ಸರಿದರೂ ರಾವಣನು ಬೆಳೆಯದಂತೆ ಮಾಡಿದ ಮಂತ್ರ ಇಷ್ಟೇ.

ಈ ಯಂತ್ರವು ಹುಟ್ಟಿದ್ದು ತಿರುಪುಮೊಳೆಗಳ ಕಾಟದಿಂದ. ಒಂದು ಊರಿನಲ್ಲಿ ಮಾಡಿದ ತಿರುಪು ಇನ್ನೊಂದು ಊರಿನಲ್ಲಿ ಮಾಡಿದ ನಟ್ಟಿಗೆ ಹೊಂದಬೇಕಾದರೆ ಹೊರ ಅಳತೆಯೊಂದು ಸರಿಯಾಗಿದ್ದರೆ ಸಾಲದು. ಹಲ್ಲಿನ ಕೋನ, ಹಲ್ಲಿನಿಂದ ಹಲ್ಲಿಗೆ ಇರುವ ದೂರ, ಬುಡದ ದುಂಡು, ಎಲ್ಲವೂ ಸರಿಯಿರಬೇಕು. ಮೊದಲನೆಯ ಮಹಾಯುದ್ಧದಲ್ಲಿ ನೂರಾರು ಕಾರ್ಖಾನೆಗಳು ಒಂದೇ ಬಗೆಯ ಸಾಮಗ್ರಿಯನ್ನು ಮಾಡತೊಡಗಿದಾಗ ಈ ತೊಂದರೆಯು ಎದ್ದು ಕಂಡಿತು. ಅಮೆರಿಕದ ವರ್ಮಾಂಟ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ಹಾರ್ಟ್‌ನೆಸ್ ಎಂಬ ಯಂತ್ರತಜ್ಞರೂ, ದೂರದರ್ಶಕಗಳನ್ನು ಕೈಯಾರೆ ಉಜ್ಜಿ ಮಾಡುವುದರಲ್ಲಿ ಹೆಸರಾದ ರಸೆಲ್ ಪೋರ್ಟರ್ ಎಂಬುವರೂ ಕೂಡಿ, ತಿರುಪಿನ ನೆರಳನ್ನು ಹಿಗ್ಗಿಸಿ ಬರೆದಿಟ್ಟ ಮಾದರಿಗೆ ಹೋಲಿಸಿ ನೋಡುವ ಯಂತ್ರವನ್ನು ೧೯೨೦ರ ದಶಕದಲ್ಲಿ ರೂಪಿಸಿದರು. ಹಾರ್ಟ್‌ನೆಸ್ ಅವರು ೧೯೨೧ರಿಂದ ೧೯೨೩ರವರೆಗೆ ಆ ಪ್ರಾಂತದ ಗವರ್ನರ್ ಆಗಿಯೂ ಇದ್ದರು. ರಾಜ್ಯಭಾರ ಮಾಡುವವರು ತಿರುಪಿನ ಹಲ್ಲುಗಳ ವಿಚಾರದಲ್ಲಿಯೂ ತಲೆ ಕೆಡಿಸಿಕೊಂಡ ಉದಾಹರಣೆಗಳು ಅಪರೂಪವಾದುದರಿಂದ ಇದನ್ನು ಹೇಳಿದೆನು.

ತಿರುಪನ್ನು ಹೀಗೆ ನೋಡುವಾಗ ಒಂದು ತೊಡಕುಂಟು. ತಿರುಪಿನ ಹಲ್ಲುಗಳು ಅಡ್ಡಕ್ಕೆ ನೇರವಾಗಿರದೆ ಕಂಬವನ್ನು ಸುತ್ತಿ ಏರುತ್ತವಷ್ಟೆ. ಬೆಳಕನ್ನು ನೇರವಾಗಿ ಹಾಯಿಸಿದರೆ ಒಂದು ಹಲ್ಲಿನ ಮುಂಭಾಗವು ಅದರದೇ ಹಿಂಭಾಗಕ್ಕೆ ಮರೆಯಾಗಿ, ನೆರಳಿನ ಹಲ್ಲು ನಿಜವಾದ ಹಲ್ಲಿಗಿಂತ ದಪ್ಪವಾಗಿ ತೋರುತ್ತದೆ. ಆದುದರಿಂದ ಏರಿಕೆಯ ಕೋನದಷ್ಟೇ ಬೆಳಕನ್ನೂ ಓರೆ ಮಾಡಬೇಕು. ಹತ್ತು ಮಿಲ್ಲಿಮೀಟರ್ ವ್ಯಾಸದ, ಒಂದೂವರೆ ಮಿಲ್ಲಿಮೀಟರಿಗೊಂದು ಹಲ್ಲಿರುವ ಸಾಮಾನ್ಯ ತಿರುಪಿಗೆ ಇದು ಸುಮಾರು ಮೂರು ಡಿಗ್ರಿ. ಇದನ್ನು ಮರೆತು ಕುಳಿತವನಿಗೆ ಒಳ್ಳೆಯ ತಿರುಪೂ ಕೆಟ್ಟದ್ದಾಗಿಯೇ ಕಂಡೀತು.

ನೆರಳನ್ನು ಬಿಟ್ಟು ಬೆಳಕನ್ನೇ ಅಳತೆಗೋಲಾಗಿ ಮಾಡಿಕೊಳ್ಳುವ ಇನ್ನೊಂದು ಮಾರ್ಗವುಂಟು. ಮಳೆ ಬಂದು ನಿಂತ ರಸ್ತೆಯ ಮೇಲೆ ಎಣ್ಣೆಯ ಹನಿ ಬಿದ್ದು ಬಣ್ಣಬಣ್ಣವಾಗಿ ಹರಡುವುದನ್ನು ನೋಡಿದ್ದೀರಿ. ಎಣ್ಣೆಯ ಪೊರೆಯ ಮೇಲ್ಮೈಯಿಂದಲೂ ಕೆಳಮೈಯಿಂದಲೂ ಮರಳಿದ ಬೆಳಕಿನ ಅಲೆಗಳು ಕೆಲವೆಡೆ ಒಂದನ್ನೊಂದು ಬಲಪಡಿಸುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸಿಬಿಡುತ್ತವೆ. ಅತ್ಯಂತ ಸಮತಟ್ಟಾಗಿ ಉಜ್ಜಿದ ಗಾಜಿನ ಬಿಲ್ಲೆಯೊಂದನ್ನು ಉಕ್ಕಿನ ಅಳತೆಯ ಕಟ್ಟೆಯ ಮೇಲೆ ಇಟ್ಟು, ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ ನೋಡಿದರೆ ನಡುವಿನ ಗಾಳಿಯ ಪೊರೆಯಲ್ಲಿ ಇದೇ ರೀತಿ ಕಪ್ಪು ಹಳದಿ ಪಟ್ಟೆಗಳು ಕಾಣುತ್ತವೆ. ಒಂದು ಕಪ್ಪು ಪಟ್ಟೆಯಿಂದ ಮುಂದಿನ ಕಪ್ಪು ಪಟ್ಟೆಗೆ ಹೋಗುವಷ್ಟರಲ್ಲಿ ಗಾಳಿಯ ಪೊರೆಯ ದಪ್ಪವು ಅಲೆಯ ಉದ್ದದ ಅರ್ಧದಷ್ಟು, ಎಂದರೆ ೦.೨೯ ಮೈಕ್ರಾನಿನಷ್ಟು, ವ್ಯತ್ಯಾಸವಾಗುತ್ತದೆ. ಪಟ್ಟೆಗಳು ನೇರವಾಗಿ ಸಮದೂರದಲ್ಲಿದ್ದರೆ ಉಕ್ಕು ಸಮತಟ್ಟು. ಬಾಗಿದ್ದರೆ ಉಕ್ಕೂ ಬಾಗಿದೆ. ಇಷ್ಟು ಅಗ್ಗವಾಗಿ ಇಷ್ಟು ನಿಖರವಾದ ಅಳತೆ ಬೇರೆಲ್ಲಿಯೂ ದೊರೆಯದೆಂದು ನನ್ನ ಅಭಿಪ್ರಾಯ; ತರಗತಿಯಲ್ಲಿ ಪ್ರತಿವರ್ಷ ತೋರಿಸಿದರೂ ನನಗೆ ಬೇಸರ ಬಂದಿಲ್ಲ.

ಈ ಉಪಾಯದಿಂದಲೇ ಮೈಕೆಲ್‌ಸನ್ ಎಂಬ ಅಮೆರಿಕದ ಭೌತವಿಜ್ಞಾನಿಯು ೧೮೯೨-೯೩ರಲ್ಲಿ ಪ್ಯಾರಿಸಿನ ಸಮೀಪದ ಸೆವ್ರಿಗೆ ಹೋಗಿ, ಅಲ್ಲಿ ಕಾಪಾಡಿಟ್ಟಿದ್ದ ಲೋಹದ ಮೀಟರನ್ನು ಬೆಳಕಿನ ಅಲೆಗಳಲ್ಲಿ ಎಣಿಸಿದರು. ಕ್ಯಾಡ್ಮಿಯಮ್ಮಿನ ಕೆಂಪು ಬೆಳಕಿನ ೧೫,೫೩,೧೬೩.೫ ಅಲೆಗಳು ಒಂದು ಮೀಟರಿನಲ್ಲಿ ಅಡಕವಾಗಿವೆಯೆಂದು ತಿಳಿಯಿತು. ೧೯೬೦ರಲ್ಲಿ ಲೋಹದ ದಂಡವು ತನ್ನ ಪಟ್ಟವನ್ನು ಬಿಟ್ಟುಕೊಟ್ಟು ಕ್ರಿಪ್ಟಾನ್ ಅನಿಲದ ಬೆಳಕು ಆ ಸ್ಥಾನಕ್ಕೆ ಬಂತು. ೧೯೮೩ರಿಂದ ಮೀಟರನ್ನು ಬೆಳಕಿನ ವೇಗದಿಂದಲೇ ನಿರೂಪಿಸುತ್ತಾರೆ.

ಬೆಳಕು ಇಷ್ಟು ನಿಷ್ಪಕ್ಷಪಾತಿಯಾದ ಸಾಕ್ಷಿಯಾದರೂ ಯಂತ್ರವು ಹಾಗಲ್ಲ. ಜೇನಾ ನಗರದ ಅರ್ನ್ಸ್ಟ್ ಆಬೆ ಎಂಬ ಜರ್ಮನ್ ವಿದ್ವಾಂಸರು ೧೮೯೦ರಲ್ಲಿ ಒಂದು ತತ್ತ್ವವನ್ನು ಹೇಳಿದರು: ಅಳತೆಗೋಲೂ ಅಳೆಯುವ ರೇಖೆಯೂ ಒಂದೇ ಸಾಲಿನಲ್ಲಿರಬೇಕು. ಗೋಲು ಪಕ್ಕಕ್ಕೆ ನೂರು ಮಿಲ್ಲಿಮೀಟರ್ ದೂರವಿದ್ದು, ಮೇಜು ಸರಿಯುವಾಗ ಹತ್ತು ಸೆಕೆಂಡಿನಷ್ಟು ಕೋನ ತಿರುಗಿತೆನ್ನಿ. ಡಿಗ್ರಿಯ ಮುನ್ನೂರ ಅರವತ್ತರಲ್ಲಿ ಒಂದು ಪಾಲು ಅದು, ಕಣ್ಣಿಗೆ ಕಾಣುವಂಥದ್ದಲ್ಲ. ಆದರೂ ಅಳತೆಯಲ್ಲಿ ಐದು ಮೈಕ್ರಾನಿನ ತಪ್ಪು ಸೇರಿಬಿಡುತ್ತದೆ. ಮೇಜಿನ ಹಳಿಯಲ್ಲಿ ಲೋಹದ ಒಂದು ಚೂರು ಸಿಕ್ಕಿಕೊಂಡರೆ ಸಾಕು, ಇಷ್ಟು ತಿರುಗಲು. ದಿನವೂ ಬೆಳಿಗ್ಗೆ ಹಳಿಗಳನ್ನು ಒರೆಸಿ ತೆಳುವಾದ ಎಣ್ಣೆಯ ಲೇಪ ಕೊಡಬೇಕೆಂಬ ನಿಯಮದ ಹಿಂದೆ ಇರುವುದು ಈ ಲೆಕ್ಕವೇ.

ಇನ್ನು ಶಾಖದ ಮಾತು. ಲೋಹಗಳು ಬಿಸಿಗೆ ಹಿಗ್ಗುತ್ತವೆಂದು ಶಾಲೆಯಲ್ಲಿ ಓದಿ ಮರೆತಿರುತ್ತೇವೆ. ಲೋಕದ ಕಾರ್ಖಾನೆಗಳೆಲ್ಲ ಒಂದು ಒಪ್ಪಂದಕ್ಕೆ ಬಂದು, ಉದ್ದವೆಂದರೆ ೨೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಇರುವ ಉದ್ದವೆಂದು ೧೯೩೧ರಲ್ಲಿ ಗೊತ್ತುಮಾಡಿಕೊಂಡವು. ನಮ್ಮ ದೇಶದಲ್ಲಿ ಆ ಶಾಖವು ತಾನಾಗಿ ದೊರೆಯುವ ದಿನಗಳು ಎಷ್ಟು? ಈ ವಿಚಾರವು ಒಬ್ಬ ಮನುಷ್ಯನ ಸಂಬಳಕ್ಕೆ ಹೇಗೆ ತಗಲಿತೆಂಬುದನ್ನು ನಾನು ಕಣ್ಣಾರೆ ಕಂಡೆನು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿನ ಹೊರವಲಯದ ಒಂದು ಸಣ್ಣ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸಕ್ಕಿದ್ದನು. ಏಪ್ರಿಲ್ ತಿಂಗಳ ಒಂದು ಭಾನುವಾರ ಮನೆಗೆ ಬಂದು, "ಸಾರ್, ಒಂದು ಧರ್ಮಸಂಕಟಕ್ಕೆ ಸಿಕ್ಕಿದ್ದೇನೆ" ಎಂದನು. ಅಲ್ಯುಮಿನಿಯಮ್ಮಿನ ನೂರು ಮಿಲ್ಲಿಮೀಟರ್ ಉದ್ದದ ತುಂಡುಗಳನ್ನು ಅಲ್ಲಿ ಮಾಡುತ್ತಿದ್ದರು; ಹತ್ತು ಮೈಕ್ರಾನ್ ಹೆಚ್ಚು ಕಡಿಮೆಯಾದರೆ ಕ್ಷಮೆ, ಅದಕ್ಕೆ ಮೀರಿದರೆ ತಿರಸ್ಕಾರ. ಮೂವತ್ತು ವರ್ಷ ಲೇತಿನ ಮುಂದೆ ನಿಂತು ಕೂದಲು ನರೆತ ಮೇಸ್ತ್ರಿಯೊಬ್ಬರು ಬೆಳಗಿನ ಪಾಳಿಯಲ್ಲಿ ಮಾಡಿದ ತುಂಡುಗಳು ಮಧ್ಯಾಹ್ನದ ತಪಾಸಣೆಯಲ್ಲಿ ಸಾಲುಸಾಲಾಗಿ ಬಿದ್ದುಹೋಗುತ್ತಿದ್ದವು. ಹಾಳಾದ ಮಾಲಿನ ಬೆಲೆಯನ್ನು ಅವರ ಲೆಕ್ಕಕ್ಕೆ ಬರೆಯಲು ಆಡಳಿತದವರು ಸಿದ್ಧರಾಗಿದ್ದರು. ಕಣ್ಣು ಮಂಜಾಯಿತೆಂದು ಅವರನ್ನು ಬಿಡಿಸುವ ಮಾತೂ ಹುಟ್ಟಿತ್ತಂತೆ.

ಮರುದಿನ ಹೋಗಿ ನೋಡಿದೆನು. ಪ್ರೊಜೆಕ್ಟರನ್ನು ತಗಡಿನ ಮಾಡಿನ ಕೆಳಗೆ, ಪಶ್ಚಿಮದ ಕಿಟಕಿಯ ಪಕ್ಕದಲ್ಲಿ ಇಟ್ಟಿದ್ದರು. ದೀಪದ ಖರ್ಚಿಲ್ಲದೆ ಬೆಳಕು ಬರುವುದೆಂಬ ಮಿತವ್ಯಯದಿಂದ! ಶಾಖಮಾಪಕವನ್ನು ಮೇಜಿನ ಮೇಲಿಟ್ಟಾಗ ಬೆಳಿಗ್ಗೆ ೨೪ ಡಿಗ್ರಿಯಿದ್ದದ್ದು ಮಧ್ಯಾಹ್ನ ಮೂರು ಗಂಟೆಗೆ ೩೪ಕ್ಕೆ ಏರಿತ್ತು. ಲೆಕ್ಕ ಕಠಿನವಲ್ಲ. ನೂರು ಮಿಲ್ಲಿಮೀಟರ್ ಅಲ್ಯುಮಿನಿಯಂ ಒಂದು ಡಿಗ್ರಿಗೆ ೨.೩ ಮೈಕ್ರಾನ್ ಹಿಗ್ಗುತ್ತದೆ. ಯಂತ್ರದೊಳಗಿನ ಗಾಜಿನ ಅಳತೆಗೋಲು ಅಷ್ಟೇ ಉದ್ದಕ್ಕೆ ಸುಮಾರು ೦.೮ ಮಾತ್ರ. ಪ್ರತಿ ಡಿಗ್ರಿಗೂ ಒಂದೂವರೆ ಮೈಕ್ರಾನಿನ ವ್ಯತ್ಯಾಸ. ಇಪ್ಪತ್ತರಿಂದ ೨೪ಕ್ಕೆ ಆರು ಮೈಕ್ರಾನ್, ಕ್ಷಮೆಯೊಳಗೆ. ೩೪ಕ್ಕೆ ೨೧ ಮೈಕ್ರಾನ್, ತಿರಸ್ಕಾರ. ತುಂಡು ಅದೇ, ಯಂತ್ರ ಅದೇ, ಮೇಸ್ತ್ರಿಯ ಕೈಯೂ ಅದೇ. ಬಿದ್ದುಹೋಗಿದ್ದ ತುಂಡುಗಳನ್ನು ಮರುದಿನ ಬೆಳಿಗ್ಗೆ ಅದೇ ಯಂತ್ರದಲ್ಲಿ ಅಳೆದಾಗ ಒಂದೆರಡನ್ನು ಬಿಟ್ಟು ಮಿಕ್ಕವೆಲ್ಲ ತೇರ್ಗಡೆಯಾದವು. ಮೇಸ್ತ್ರಿಯವರು ಗೆದ್ದ ಸಂತೋಷವನ್ನೇನೂ ತೋರಿಸಲಿಲ್ಲ. "ಬಿಸಿಲಿನ ದುಡ್ಡು ನನ್ನ ಸಂಬಳದಲ್ಲಿ ಹಿಡಿಯೋದು ಯಾವ ನ್ಯಾಯ ಸ್ವಾಮಿ?" ಎಂದಷ್ಟೇ ಕೇಳಿ ಲೇತಿನ ಕಡೆಗೆ ಹೋದರು. ಯಂತ್ರವನ್ನು ಉತ್ತರ ದಿಕ್ಕಿನ ಒಳಕೋಣೆಗೆ ಸಾಗಿಸಿದರು. ತುಂಡುಗಳನ್ನು ಅಳೆಯುವುದಕ್ಕೆ ಮುಂಚೆ ಆ ಕೋಣೆಯ ದಪ್ಪ ಕಬ್ಬಿಣದ ಹಲಗೆಯ ಮೇಲೆ ಕೆಲವು ಗಂಟೆ ಬಿಟ್ಟು, ಶಾಖವನ್ನು ಓದಿ ಲೆಕ್ಕ ಸರಿಪಡಿಸುವ ಪದ್ಧತಿ ಬಂತು. ನನ್ನ ವಿದ್ಯಾರ್ಥಿಗೆ ಈ ಲೆಕ್ಕ ಬರುತ್ತಿರಲಿಲ್ಲವೆಂದಲ್ಲ. ಪರೀಕ್ಷೆಯಲ್ಲಿ ಬರೆದು ಪೂರ್ಣ ಅಂಕ ಪಡೆದಿದ್ದನು. ಅದನ್ನು ಕಿಟಕಿಗೆ ಅನ್ವಯಿಸಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ.

ಯಂತ್ರಗಳ ಪಾಲನೆಯ ವಿಷಯದಲ್ಲಿ ಜನರು ಮಾಡುವ ತಪ್ಪುಗಳು ಹೆಚ್ಚಾಗಿ ಅತಿ ಭಕ್ತಿಯಿಂದ ಆಗುವಂಥವು. ಮಸೂರದ ಮೇಲೆ ಧೂಳು ಕಂಡೊಡನೆ ಪಂಚೆಯ ಸೆರಗಿನಿಂದಲೋ ಕರವಸ್ತ್ರದಿಂದಲೋ ತಿಕ್ಕುತ್ತಾರೆ. ಕಾರ್ಖಾನೆಯ ಧೂಳಿನಲ್ಲಿ ಸಾಣೆಕಲ್ಲಿನ ಹುಡಿಯಿರುತ್ತದೆ. ಅದು ಗಾಜಿಗಿಂತ ಗಟ್ಟಿ. ತಿಕ್ಕಿದಷ್ಟೂ ಗಾಜು ಗೀರುತ್ತದೆ. ಮೊದಲು ರಬ್ಬರಿನ ಬುರುಡೆಯಿಂದ ಗಾಳಿ ಊದಬೇಕು. ಆಮೇಲೆ ಮೃದುವಾದ ಕೂದಲಿನ ಕುಂಚ. ಇಷ್ಟರಿಂದ ಹೋಗದ ಜಿಡ್ಡಿದ್ದರೆ ಮಾತ್ರ ಮಸೂರದ ಕಾಗದಕ್ಕೆ ಶುದ್ಧ ಆಲ್ಕೋಹಾಲಿನ ಒಂದೆರಡು ಹನಿ ಹಾಕಿ, ನಡುವಿನಿಂದ ಹೊರಕ್ಕೆ ಸುತ್ತುತ್ತ, ಒತ್ತಡವಿಲ್ಲದೆ ಒರೆಸಬೇಕು. ಯಂತ್ರದೊಳಗಿನ ಕನ್ನಡಿಯನ್ನಂತೂ ಮುಟ್ಟದಿರುವುದೇ ಲೇಸು. ನಮ್ಮ ಮನೆಯ ಕನ್ನಡಿಗೆ ಲೋಹದ ಲೇಪ ಗಾಜಿನ ಹಿಂದೆ ಇರುತ್ತದೆ, ಇದಕ್ಕೆ ಮುಂದೆಯೇ. ಒಂದು ಬೆರಳಿನ ಗುರುತು ಬಿದ್ದರೆ ಅದನ್ನು ತೆಗೆಯುವ ಪ್ರಯತ್ನದಲ್ಲಿ ಲೇಪವೇ ಎದ್ದು ಬರುವುದು. ಹ್ಯಾಲೊಜನ್ ದೀಪದ ಬುರುಡೆಯನ್ನೂ ಬರಿಗೈಯಿಂದ ಹಿಡಿಯಬಾರದು. ಚರ್ಮದ ಜಿಡ್ಡು ಅಂಟಿದ ಕಡೆ ಗಾಜು ವಿಪರೀತ ಕಾದು ಬೇಗನೆ ಹಾಳಾಗುತ್ತದೆ. ಹೊಸ ಬುರುಡೆ ಹಾಕಿದ ಮೇಲೆ ಅದರ ತಂತಿಯು ಅಕ್ಷದ ಮೇಲೆಯೇ ಇದೆಯೋ ಎಂದು ನೋಡದಿದ್ದರೆ ಕಿರಣಗಳು ಓರೆಯಾಗಿ, ಹಿಂದೆ ಹೇಳಿದ ಸಣ್ಣ ರಂಧ್ರದ ಜಾಣತನವೆಲ್ಲ ನಿಷ್ಫಲವಾಗುತ್ತದೆ. ಈಚಿನ ಯಂತ್ರಗಳಲ್ಲಿ ಎಲ್.ಇ.ಡಿ. ದೀಪಗಳು ಬಂದು ಈ ಕಷ್ಟವೂ ದೀಪದ ಬಿಸಿಯೂ ಬಹುಮಟ್ಟಿಗೆ ಕಡಿಮೆಯಾಗಿವೆ.

ಕರಾವಳಿಯಲ್ಲಿ ಮತ್ತು ಮಲೆನಾಡಿನಲ್ಲಿ ಧೂಳಿಗಿಂತ ದೊಡ್ಡ ಶತ್ರು ಬೂಷ್ಟು. ಮಳೆಗಾಲದಲ್ಲಿ ಮುಚ್ಚಿಟ್ಟ ಯಂತ್ರದ ಮಸೂರದ ಮೇಲೆ ಜೇಡನ ಬಲೆಯಂತೆ ಎಳೆಗಳು ಹರಡುತ್ತವೆ. ಅವು ಸ್ರವಿಸುವ ಆಮ್ಲವು ಗಾಜಿನ ಲೇಪವನ್ನೂ ಕೊನೆಗೆ ಗಾಜನ್ನೂ ತಿನ್ನುತ್ತದೆ. ಒರೆಸಿದರೆ ಎಳೆ ಹೋದೀತು, ಗುರುತು ಹೋಗದು. ಕೋಣೆಯ ತೇವವನ್ನು ನೂರಕ್ಕೆ ಅರವತ್ತರ ಕೆಳಗಿಡುವುದು, ಬಿಚ್ಚಬಹುದಾದ ಮಸೂರಗಳನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡುವುದು, ಎಲ್ಲಕ್ಕಿಂತ ಮುಖ್ಯವಾಗಿ ಯಂತ್ರವನ್ನು ಉಪಯೋಗಿಸುತ್ತಿರುವುದು, ಇವೇ ಉಪಾಯ. ಹೊದಿಕೆ ಹೊದಿಸಿ ಪೂಜೆಗೆ ಇಟ್ಟ ಯಂತ್ರಕ್ಕೇ ಬೂಷ್ಟು ಮೊದಲು ಬರುವುದು.

ಈಗೀಗ ಕಣ್ಣಿನ ಬದಲಿಗೆ ಕ್ಯಾಮೆರಾ ನೋಡಿ, ಗಣಕಯಂತ್ರವು ಅಂಚನ್ನು ಗುರುತಿಸಿ, ದಶಾಂಶದ ಮುಂದೆ ನಾಲ್ಕು ಅಂಕಿಗಳವರೆಗೆ ಅಚ್ಚುಹಾಕಿ ಕೊಡುವ ಯಂತ್ರಗಳು ಬಂದಿವೆ. ಶೀಘ್ರತೆಯಲ್ಲಿ ಅವಕ್ಕೆ ಸಾಟಿಯಿಲ್ಲ. ಆದರೆ ಅಂಚೆಂಬುದು ಕತ್ತಲೆಯಿಂದ ಬೆಳಕಿಗೆ ಹೋಗುವ ಒಂದು ಇಳಿಜಾರು. ಅದರಲ್ಲಿ ಎಲ್ಲಿ ಗೆರೆ ಎಳೆಯಬೇಕೆಂದು ಯಂತ್ರವು ತೀರ್ಮಾನಿಸುತ್ತದೆ. ದೀಪವನ್ನು ಕೊಂಚ ಜೋರು ಮಾಡಿದರೆ ಆ ಗೆರೆಯೂ ಸರಿಯಬಹುದು. ನಾಲ್ಕನೆಯ ಅಂಕಿಯು ಸತ್ಯವೋ ಅಲಂಕಾರವೋ ಎಂಬುದನ್ನು ಅಳೆದವನು ತಾನೇ ಪರೀಕ್ಷಿಸಿ ತಿಳಿಯಬೇಕು. ಪರೀಕ್ಷೆಗೆ ಸಾಧನವೂ ಸರಳ: ಸೂಕ್ಷ್ಮವಾಗಿ ಗೆರೆ ಕೊರೆದ ಗಾಜಿನ ಪಟ್ಟಿಯನ್ನು ವಸ್ತುವಿನ ಜಾಗದಲ್ಲಿಟ್ಟು ಅಳೆಯುವುದು. ಆ ಪಟ್ಟಿಯನ್ನು ಅಧಿಕೃತ ಪ್ರಯೋಗಾಲಯವೊಂದು ಅಳೆದಿರಬೇಕು. ಆ ಪ್ರಯೋಗಾಲಯದ ಮಾನಕವು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮಾನಕಕ್ಕೆ ಹೊಂದಿರಬೇಕು. ಲೇತಿನ ಮುಂದೆ ನಿಂತ ಮೇಸ್ತ್ರಿಯ ತುಂಡಿನಿಂದ ಬೆಳಕಿನ ವೇಗದವರೆಗೆ ಹೀಗೆ ಒಂದು ಸರಪಳಿಯಿದೆ, ಅದರ ಒಂದು ಕೊಂಡಿ ಬಿಟ್ಟರೂ ಮಿಕ್ಕವು ಪ್ರಯೋಜನಕ್ಕೆ ಬಾರವು.

ಕೊಂಡಿ ಬಿಟ್ಟಾಗ ಏನಾಗುವುದೆಂಬುದಕ್ಕೆ ಸಣ್ಣ ಕಾರ್ಖಾನೆಗಳೇ ಉದಾಹರಣೆಯಾಗಬೇಕಿಲ್ಲ. ಹಬಲ್ ಎಂಬ ಪ್ರಸಿದ್ಧ ದೂರದರ್ಶಕಕ್ಕೆ ಅಮೆರಿಕದಲ್ಲಿ ೨.೪ ಮೀಟರ್ ವ್ಯಾಸದ ಕನ್ನಡಿಯನ್ನು ಉಜ್ಜುತ್ತಿದ್ದಾಗ ಅದರ ಆಕಾರವನ್ನು ಅಳೆಯಲು ಒಂದು ವಿಶೇಷ ಬೆಳಕಿನ ಯಂತ್ರವನ್ನು ಕಟ್ಟಿದ್ದರು. ಅದರೊಳಗಿನ ಮಸೂರವನ್ನು ಸರಿಯಾದ ದೂರದಲ್ಲಿ ನಿಲ್ಲಿಸಲು ಒಂದು ಅಳತೆದಂಡ. ದಂಡದ ತುದಿಗೆ ನಡುವೆ ರಂಧ್ರವಿದ್ದ ಟೋಪಿ. ಟೋಪಿಯಿಂದ ಬೆಳಕು ಮರಳದಿರಲೆಂದು ಬಳಿದಿದ್ದ ಬಣ್ಣವು ಒಂದು ಕಡೆ ಚಕ್ಕೆಯೆದ್ದಿತ್ತು. ಬೆಳಕು ದಂಡದ ತುದಿಯಿಂದ ಮರಳುವ ಬದಲು ಆ ಚಕ್ಕೆಯೆದ್ದ ಜಾಗದಿಂದ ಮರಳಿತು. ಮಸೂರವು ೧.೩ ಮಿಲ್ಲಿಮೀಟರ್ ತಪ್ಪಾದ ಸ್ಥಾನದಲ್ಲಿ ನಿಂತಿತು. ಅದು ಅಲ್ಲಿಗೆ ಸರಿಯಲು ಜಾಗ ಸಾಲದಿದ್ದಾಗ ವಾಷರುಗಳನ್ನು ತುರುಕಿ ಹೊಂದಿಸಿದರು. ಬೇರೆ ಎರಡು ಪರೀಕ್ಷೆಗಳು ಕನ್ನಡಿಯಲ್ಲಿ ದೋಷವಿದೆಯೆಂದು ತೋರಿಸಿದವು. ಆ ಪರೀಕ್ಷೆಗಳ ಸಾಧನಗಳು ಇದರಷ್ಟು ನಿಖರವಲ್ಲವೆಂದು ಅವುಗಳ ಸಾಕ್ಷ್ಯವನ್ನು ತಳ್ಳಿಹಾಕಿದರು. ೧೯೯೦ರ ಏಪ್ರಿಲಿನಲ್ಲಿ ದೂರದರ್ಶಕವು ಆಕಾಶಕ್ಕೆ ಏರಿತು. ಕೆಲವೇ ವಾರಗಳಲ್ಲಿ ನಕ್ಷತ್ರಗಳು ಮಸುಕಾಗಿ ಕಾಣುತ್ತಿರುವುದು ತಿಳಿಯಿತು. ಕನ್ನಡಿಯ ಅಂಚು ಇರಬೇಕಾದುದಕ್ಕಿಂತ ಸುಮಾರು ಎರಡು ಮೈಕ್ರಾನ್ ಚಪ್ಪಟೆಯಾಗಿತ್ತು.

ತಪ್ಪಾದ ಆಕಾರವನ್ನು ಅವರು ಎಷ್ಟು ನಿಖರವಾಗಿ ಉಜ್ಜಿದ್ದರೆಂದರೆ, ಅದಕ್ಕೆ ಅಷ್ಟೇ ವಿರುದ್ಧವಾದ ತಪ್ಪನ್ನು ಚಿಕ್ಕ ಕನ್ನಡಿಗಳಲ್ಲಿ ಕೊರೆದು ಸರಿಪಡಿಸಲು ಸಾಧ್ಯವಾಯಿತು. ೧೯೯೩ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಅಂಥ ಕನ್ನಡಿಗಳಿದ್ದ ಪೆಟ್ಟಿಗೆಯೊಂದನ್ನು ದೂರದರ್ಶಕದೊಳಗೆ ಕೂರಿಸಿದರು. ಮುಂದೆ ಅದರ ಉಪಕರಣಗಳೆಲ್ಲವೂ ತಮ್ಮೊಳಗೇ ಆ ತಿದ್ದುಪಡಿಯನ್ನು ಹೊತ್ತುಕೊಂಡು ಹೋದುದರಿಂದ ಪೆಟ್ಟಿಗೆಯ ಅಗತ್ಯ ತಪ್ಪಿತು. ೨೦೦೯ರಲ್ಲಿ ಅದನ್ನು ಕಳಚಿ ಭೂಮಿಗೆ ತಂದರು. ಅದು ಈಗ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದ ಸ್ವತ್ತು.